ಹಂಪಿಯಲ್ಲಿ ಮನೆ ಬಾಡಿಗೆಗೆ ಹಿಡಿಯುವ ಮುನ್ನ

ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಿಂದ ಬಸ್ಸುಗಳು ಹೊರಡುತ್ತವೆ. ವೇಳಾಂಕಣ್ಣಿ, ಗೋವಾ ಆದ ಮೇಲೆ ಪಟ್ಟಿಯಲ್ಲಿ ಬರುವ ಹೆಸರು ಹಂಪಿ. ವಾಳೆಯ ಕುಟುಂಬಗಳು, ಗಾಯನ ಮಂಡಳಿ, ಐ.ಸಿ.ವೈ.ಎಂ. ಯುವಜನರು, ಧರ್ಮೋಪದೇಶದ ಶಿಕ್ಷಕಿಯರು ಹೀಗೆ ಒಂದಲ್ಲ ಒಂದು ತಂಡ ಪ್ರತಿ ವರ್ಷ ಆ ಕಡೆ ಹೋಗುತ್ತದೆ. ಮೊದಲು ಹೊಸಪೇಟೆಯ ಲಾಡ್ಜಿನಲ್ಲಿ ನಾಲ್ಕೈದು ಕೋಣೆ ಹಿಡಿದರೆ ಕೆಲಸ ಮುಗಿಯುತ್ತಿತ್ತು. ಈಗ ತಂಡದವರು ಕೇಳುವುದೇ ಬೇರೆ: ಲಾಡ್ಜ್ ಬೇಡ, ಮೂರು ದಿನಕ್ಕೆ ಇಡೀ ಮನೆಯನ್ನೇ ಬಾಡಿಗೆಗೆ ಕೊಡುವವರು ಇದ್ದಾರೆಯೇ? ಅಡುಗೆ ನಾವೇ ಮಾಡಿಕೊಳ್ಳುತ್ತೇವೆ, ಸಂಜೆ ಒಟ್ಟಿಗೆ ಕುಳಿತು ಪ್ರಾರ್ಥನೆ ಮಾಡಬಹುದು, ಖರ್ಚೂ ಕಡಿಮೆ.

ಈ ಆಲೋಚನೆ ಒಳ್ಳೆಯದೇ. 2025ರ ಜುಬಿಲಿ ವರ್ಷದಲ್ಲಿ ರೋಮಿಗೆ ಹೋಗಿ ಬಂದವರಲ್ಲಿ ಕೆಲವರು ಅಲ್ಲಿ ಹೋಟೆಲಿನ ಬದಲು ಫ್ಲ್ಯಾಟ್ ಹಿಡಿದಿದ್ದರು. ಅವರ ಅನುಭವ ಕೇಳಿದವರಿಗೆ ಹಂಪಿಯಲ್ಲೂ ಹಾಗೆಯೇ ಮಾಡಬಹುದಲ್ಲ ಎನಿಸುವುದು ಸಹಜ. ಆದರೆ ಹಳೆಯ ಪಟ್ಟಣದಲ್ಲಿ ಮನೆ ಹಿಡಿಯುವುದಕ್ಕೂ ಬೇರೆ ಊರಿನಲ್ಲಿ ಹಿಡಿಯುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಆ ಮನೆ ಇರಬಹುದೇ ಇರಬಾರದೇ ಎಂಬುದೇ ಮೊದಲ ಪ್ರಶ್ನೆ. ಹಂಪಿಯ ಸುತ್ತ ಈ ಪ್ರಶ್ನೆಗೆ ಉತ್ತರ ಹೇಳಲು ಬುಲ್ಡೋಜರ್ ಬಂದದ್ದೂ ಉಂಟು. ಆದ್ದರಿಂದ ಮುಂಗಡ ಹಣ ಕಳುಹಿಸುವ ಮೊದಲು ಸಂಘಟಕರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಹಂಪಿಗೆ ಬಾಡಿಗೆ ಅತಿಥಿಗಳು ಹೊಸಬರೇನಲ್ಲ. ಇಟಲಿಯವರೇ ಬಂದು ತಂಗಿದ್ದಾರೆ. ವೆನಿಸಿನ ಪಕ್ಕದ ಕಿಯೋಜ್ಜಾ ಊರಿನ ನಿಕೊಲೊ ದೆ ಕೊಂತಿ 1420ರ ಆಸುಪಾಸಿನಲ್ಲಿ ವಿಜಯನಗರವನ್ನು ಕಂಡವನು. ಊರಿಗೆ ಮರಳುವ ದಾರಿಯಲ್ಲಿ ಹೆಂಡತಿ ಮಕ್ಕಳ ಪ್ರಾಣ ಉಳಿಸಲು ಕ್ರೈಸ್ತ ವಿಶ್ವಾಸವನ್ನು ತೊರೆದಿದ್ದ. ಇಟಲಿಗೆ ಬಂದು ನಾಲ್ಕನೆಯ ಯೂಜಿನ್ ಪೋಪರ ಬಳಿ ಕ್ಷಮೆ ಕೇಳಿದಾಗ ಅವರು ವಿಧಿಸಿದ ಪ್ರಾಯಶ್ಚಿತ್ತವೆಂದರೆ, ತನ್ನ ಪ್ರವಾಸದ ಕಥೆಯನ್ನೆಲ್ಲ ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲಿನಿಗೆ ಸತ್ಯವಾಗಿ ಹೇಳಬೇಕು ಎಂಬುದು. ವಿಜಯನಗರದ ಬಗ್ಗೆ ಯುರೋಪಿನವರು ಓದಿದ ಮೊದಲ ವಿವರಗಳಲ್ಲಿ ಒಂದು ಹೀಗೆ ಪಾಪನಿವೇದನೆಯ ಬಾಗಿಲಿನಿಂದ ಹೊರಬಂತು! ನೂರು ವರ್ಷದ ಬಳಿಕ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಈ ನಗರ ರೋಮಿನಷ್ಟು ದೊಡ್ಡದೆಂದು ಬರೆದ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದವನು ವೆನಿಸಿನ ವ್ಯಾಪಾರಿ ಚೆಸಾರೆ ಫೆದೆರೀಚಿ. ಇವನು ಬಂದದ್ದು 1567ರಲ್ಲಿ, ಅಂದರೆ 1565ರ ಯುದ್ಧದಲ್ಲಿ ನಗರ ಸೋತು ಲೂಟಿಯಾದ ಎರಡು ವರ್ಷಕ್ಕೆ. ಮನೆಗಳು ನಿಂತೇ ಇದ್ದವು, ಒಳಗೆ ಜನರಿರಲಿಲ್ಲ. ಕಾಡುಪ್ರಾಣಿಗಳು ವಾಸವಾಗಿದ್ದವು ಎಂದು ಅವನು ಹೇಳುತ್ತಾನೆ. ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಏಳು ತಿಂಗಳು ತಂಗಬೇಕಾಯಿತು. ಕಾರಣ, ದಾರಿಯಲ್ಲಿ ಕಳ್ಳರ ಕಾಟ. ಅವನ ಜೊತೆಗಿದ್ದ ಕುದುರೆ ವ್ಯಾಪಾರಿಗಳ ಪಾಡು ಇನ್ನೂ ಕಷ್ಟದ್ದು. ಕುದುರೆ ತಂದುಕೊಟ್ಟರೆ ಹಳೆಯ ಬಾಕಿಯನ್ನೂ ಸೇರಿಸಿ ಹಣ ಕೊಡುತ್ತೇನೆಂದು ಆಗಿನ ಅರಸ ಕರೆಸಿಕೊಂಡಿದ್ದ. ಕುದುರೆ ಕೈಸೇರಿದ ಮೇಲೆ ಬರಿಗೈಯಲ್ಲಿ ಕಳುಹಿಸಿದ. ಮುಂಗಡದ ವಿಷಯದಲ್ಲಿ ಎಚ್ಚರವಾಗಿರಿ ಎಂದು ಈಗ ಹೇಳುವ ಮಾತಿಗೆ ಹಂಪಿಯಲ್ಲಿ ನಾನೂರೈವತ್ತು ವರ್ಷದ ಹಿನ್ನೆಲೆಯಿದೆ ಎನ್ನಬಹುದು. ಫೆದೆರೀಚಿ ಕೊನೆಗೆ ಗೋವಾಕ್ಕೆ ಮರಳಿದ್ದು ನಮ್ಮ ಅಂಕೋಲಾದ ಮಾರ್ಗವಾಗಿ. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆ ಸೇರುವ ರಸ್ತೆ ಇಂದಿಗೂ ಕರಾವಳಿಯ ತಂಡಗಳಿಗೆ ಅನುಕೂಲದ ದಾರಿಗಳಲ್ಲಿ ಒಂದು.

ಮನೆ ಎಲ್ಲಿದೆ?

ಜಾಹೀರಾತಿನಲ್ಲಿ "ಹಂಪಿ" ಎಂದಿದ್ದ ಮಾತ್ರಕ್ಕೆ ಮನೆ ಹಂಪಿಯಲ್ಲಿದೆ ಎಂದಲ್ಲ. ಹಂಪಿ ಎಂಬ ಹೆಸರನ್ನು ಹೊತ್ತ ಒಂದು ದೊಡ್ಡ ಹೋಟೆಲು ಇರುವುದೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬಡಾವಣೆಯಲ್ಲಿ. ವಿರೂಪಾಕ್ಷ ದೇವಸ್ಥಾನಕ್ಕೆ ಅಲ್ಲಿಂದ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಆದ್ದರಿಂದ ಮೊದಲು ಗ್ರಾಮದ ಹೆಸರು ಕೇಳಿ.

ವಿರೂಪಾಕ್ಷ ದೇವಸ್ಥಾನದ ಪಕ್ಕದ ಜನತಾ ಪ್ಲಾಟಿನಲ್ಲಿ ಮನೆಯವರೇ ನಡೆಸುವ ಸಣ್ಣ ಕೋಣೆಗಳು ಸಿಗುತ್ತವೆ. ಇಬ್ಬರು ಮೂವರಿಗೆ ಸರಿ. ನಲವತ್ತು ಜನರ ತಂಡಕ್ಕೆ ಅಲ್ಲಿ ಜಾಗವೂ ಇಲ್ಲ, ಬಸ್ಸು ಆ ಓಣಿಗೆ ಹೋಗುವುದೂ ಇಲ್ಲ. ಇನ್ನೊಂದು ವಿಷಯ: ದೇವಸ್ಥಾನದ ಊರಾದ್ದರಿಂದ ಹಂಪಿಯಲ್ಲಿ ಮಾಂಸಾಹಾರವೂ ಮದ್ಯವೂ ಇಲ್ಲ. ಮೀನಿಲ್ಲದೆ ಎರಡು ದಿನ ಕಳೆಯಲಾರದವರು ಹೊಸಪೇಟೆಯಲ್ಲೇ ಉಳಿಯುವುದು ಎಲ್ಲರಿಗೂ ಕ್ಷೇಮ. ಬಾಡಿಗೆ ಮನೆಯ ಒಲೆಯ ಮೇಲೆ ಕದ್ದುಮುಚ್ಚಿ ಬೇಯಿಸಿ ಆತಿಥೇಯರನ್ನು ನೆರೆಹೊರೆಯವರ ಮುಂದೆ ತಲೆ ತಗ್ಗಿಸುವಂತೆ ಮಾಡುವುದು ಸಭ್ಯತೆಯಲ್ಲ.

ಹಂಪಿಯಿಂದ ನಾಲ್ಕು ಕಿಲೋಮೀಟರ್ ದೂರದ ಕಮಲಾಪುರದಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಭುವನೇಶ್ವರಿ ಹೋಟೆಲಿದೆ. ದೊಡ್ಡ ತಂಡಗಳಿಗೆ, ಅದರಲ್ಲೂ ಮಕ್ಕಳಿರುವ ತಂಡಗಳಿಗೆ, ಇಂತಹ ಕಡೆ ತಕರಾರು ಕಡಿಮೆ. ಕಡ್ಡಿರಾಂಪುರದಲ್ಲೂ ಹೋಂಸ್ಟೇಗಳಿವೆ. ಆ ಊರಿನ ಬಗ್ಗೆ ಮುಂದೆ ಹೇಳಲಿಕ್ಕಿದೆ.

ನದಿಯ ಆಚೆ ದಡ ಕೊಪ್ಪಳ ಜಿಲ್ಲೆಗೆ ಸೇರಿದ್ದು. ಆನೆಗೊಂದಿಯಲ್ಲಿ ಹಳೆಯ ಮನೆಗಳನ್ನು ಕೆಡವದೆ, ಮಣ್ಣು ಮರಗಳಿಂದಲೇ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವ ಪ್ರಯತ್ನವನ್ನು ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂಧಾ ಟ್ರಸ್ಟ್ ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಬಾಳೆನಾರಿನ ಬುಟ್ಟಿ, ಚೀಲ ಹೆಣೆಯುವ ಕೆಲಸವನ್ನು ಊರಿನ ಹೆಂಗಸರಿಗೆ ಕಲಿಸಿದವರೂ ಇವರೇ. ಹಳೆಯ ಊರಿನಲ್ಲಿ ಮನೆ ಬಾಡಿಗೆ ಕೊಡುವುದೆಂದರೆ ಹೀಗಿರಬೇಕು ಎಂದು ನನಗನಿಸುತ್ತದೆ: ಮನೆ ಉಳಿಯುತ್ತದೆ, ಊರಿನವರ ಕೈಗೆ ನಾಲ್ಕು ಕಾಸು ಸೇರುತ್ತದೆ. ಆದರೆ ಇವು ಸಣ್ಣ ಮನೆಗಳು. ಒಂದೆರಡು ಕುಟುಂಬಕ್ಕೆ ಸಾಕು, ಬಸ್ ತುಂಬಿದ ತಂಡಕ್ಕಲ್ಲ.

ಆನೆಗೊಂದಿಯಿಂದ ಮುಂದೆ ಹನುಮನಹಳ್ಳಿ, ಸಾಣಾಪುರದ ಕಡೆ ಹೋಂಸ್ಟೇ, ರೆಸಾರ್ಟ್‌ಗಳು ಬಹಳ. ಅಂಜನಾದ್ರಿ ಬೆಟ್ಟಕ್ಕೆ ಹನುಮ ಜಯಂತಿಯ ಸಮಯ ಜನಸಾಗರ ಬರುತ್ತದೆ. ಆಗ ಕೋಣೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳುವ ಹಾಗಿಲ್ಲ. ಹಂಪಿ ಉತ್ಸವದ ದಿನಗಳಲ್ಲಿ ಈಚೆ ದಡದಲ್ಲೂ ಇದೇ ಕಥೆ.

ಇನ್ನು ಕುರೆಕುಪ್ಪ. ಇದು ಸಂಡೂರು ತಾಲೂಕಿನ ಪುರಸಭೆಯ ಊರು, ತೋರಣಗಲ್ಲಿಗೆ ಅಂಟಿಕೊಂಡಿದೆ. 1990ರ ದಶಕದಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆ ಬಂದ ಮೇಲೆ ಬೆಳೆದದ್ದು. ಕರಾವಳಿಯಿಂದ ಕಾರ್ಖಾನೆ ಕೆಲಸಕ್ಕೆ ಹೋಗಿ ಆ ಭಾಗದಲ್ಲಿ ನೆಲೆಸಿದವರಿದ್ದಾರೆ. "ನಮ್ಮ ಅಣ್ಣನ ಮನೆ ಅಲ್ಲಿದೆ, ಅಕ್ಕಪಕ್ಕದಲ್ಲಿ ಇನ್ನೊಂದು ಮನೆ ಮೂರು ದಿನಕ್ಕೆ ಕೊಡಿಸುತ್ತಾರೆ" ಎಂಬ ಮಾತು ಬರುವುದು ಹೀಗೆ. ಇಲ್ಲಿ ಬಾಡಿಗೆಯ ಲೆಕ್ಕಾಚಾರವೇ ಬೇರೆ ಎಂಬುದನ್ನು ಗಮನಿಸಿ. ಇಲ್ಲಿಯ ಮನೆಗಳು ಕಾರ್ಖಾನೆಯ, ಗುತ್ತಿಗೆದಾರರ ಕೆಲಸಗಾರರಿಗೆ ತಿಂಗಳ ಬಾಡಿಗೆಗೆ ಹೋಗುವಂಥವು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ಕಾನೂನಿರುವುದರಿಂದ ಎಲ್ಲ ಕಡೆಯಂತೆ ಇಲ್ಲೂ ಹನ್ನೊಂದು ತಿಂಗಳ ಕರಾರು ರೂಢಿ. ಹಾಗೆ ಬಾಡಿಗೆಗಿರುವವರು ಮಾಲೀಕರಿಗೆ ತಿಳಿಸದೆ ಮನೆಯನ್ನು ಮೂರು ದಿನಕ್ಕೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಕಂಪೆನಿ ಕ್ವಾರ್ಟರ್ಸ್ ಆದರಂತೂ ಬಾಡಿಗೆಗೆ ಕೊಡುವ ಮಾತೇ ಬರುವುದಿಲ್ಲ. ನೆಂಟರಾಗಿ ಒಬ್ಬಿಬ್ಬರು ಹೋಗಿ ಉಳಿಯಬಹುದು, ಅದಕ್ಕೂ ಅಲ್ಲಿಯ ನಿಯಮ ಕೇಳಿಕೊಳ್ಳಬೇಕು. ನಿಮ್ಮ ಪ್ರವಾಸದ ಉಳಿತಾಯಕ್ಕಾಗಿ ನೆಂಟರ ನೌಕರಿಗೆ ಕುತ್ತು ಬರಬಾರದು.

ಕುರೆಕುಪ್ಪದ ಒಂದು ಅನುಕೂಲವೆಂದರೆ ಅದು ಮಧ್ಯದಲ್ಲಿದೆ. ಒಂದು ಕಡೆ ಹೊಸಪೇಟೆ ಮತ್ತು ಹಂಪಿ, ಇನ್ನೊಂದು ಕಡೆ ಬಳ್ಳಾರಿ, ದಕ್ಷಿಣಕ್ಕೆ ಸಂಡೂರು. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಂಗಸರ ಕಸೂತಿ ನೋಡದೆ ಬರಬಾರದು. 2010ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅನಾನುಕೂಲ ಎರಡು: ಧೂಳು ಮತ್ತು ಲಾರಿ. ಬಳ್ಳಾರಿ ಹೆದ್ದಾರಿಯಲ್ಲಿ ರಾತ್ರಿ ಪ್ರಯಾಣ ಇಟ್ಟುಕೊಳ್ಳಬೇಡಿ.

ಆ ಮನೆ ಅಲ್ಲಿ ಇರಬಹುದೇ?

ಇದು ಈ ಲೇಖನದ ಮುಖ್ಯ ಭಾಗ. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನದಿಗೆ ಅಡ್ಡಲಾಗಿ ಸೇತುವೆ ಕಟ್ಟಲು ಹೊರಟದ್ದರಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ಅದರಿಂದ ಹೊರಬಂದದ್ದು 2006ರಲ್ಲಿ. ಈ ನಡುವೆ ರಾಜ್ಯ ಸರ್ಕಾರ 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಸುಮಾರು 42 ಚದರ ಕಿಲೋಮೀಟರ್ ಪ್ರದೇಶ ಒಳವಲಯ. ಅದರ ಸುತ್ತ ಇನ್ನೂ ವಿಶಾಲವಾದ ರಕ್ಷಣಾ ವಲಯ. ಇವುಗಳೊಳಗೆ ಮನೆ ಕಟ್ಟಲು, ಇದ್ದ ಮನೆಯನ್ನು ಲಾಡ್ಜ್ ಮಾಡಲು ಪಂಚಾಯತಿಯ ಚೀಟಿ ಒಂದೇ ಸಾಲದು. ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಇದಲ್ಲದೆ ಕೇಂದ್ರದ ಸಂರಕ್ಷಿತ ಸ್ಮಾರಕವಿದ್ದಲ್ಲಿ ಅದರ ಮಿತಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಇದ್ದರೆ ಮಾತ್ರ. ಹಂಪಿಯಲ್ಲಿ ಕಲ್ಲಿಗೊಂದು ಸ್ಮಾರಕ. ಹಾಗಾಗಿ ಈ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ.

ಇದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ. ವಿರೂಪಾಕ್ಷ ದೇವಸ್ಥಾನದ ಎದುರಿನ ಉದ್ದನೆಯ ಬೀದಿಯ ಎರಡೂ ಬದಿಯ ಕಲ್ಲಿನ ಮಂಟಪಗಳಲ್ಲಿ ಜನ ಗೋಡೆ ಕಟ್ಟಿಕೊಂಡು ತಲೆಮಾರುಗಳಿಂದ ಬದುಕುತ್ತಿದ್ದರು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ, ಮೇಲೆ ಪ್ರವಾಸಿಗರಿಗೆ ಒಂದು ಕೋಣೆ. 2011ರ ಜುಲೈ ಕೊನೆಯಲ್ಲಿ ಬಹಳ ಕಡಿಮೆ ಅವಧಿಯ ಸೂಚನೆ ಕೊಟ್ಟು ಯಂತ್ರಗಳನ್ನು ತಂದು ಅವೆಲ್ಲವನ್ನೂ ತೆರವು ಮಾಡಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಅವರಿಗೆ ಪುನರ್ವಸತಿಯ ಜಾಗ ಗುರುತಿಸಿದ್ದು ಮೇಲೆ ಹೇಳಿದ ಕಡ್ಡಿರಾಂಪುರದಲ್ಲಿ. ಪರಿಹಾರ, ನಿವೇಶನ ಕೈಗೆ ಸಿಗಲು ವರ್ಷಗಳೇ ಹಿಡಿದವು. ಇಂದು ಆ ಬೀದಿಯಲ್ಲಿ ಸಂಜೆ ನಡೆದರೆ ಖಾಲಿ ಮಂಟಪಗಳು ಬಹಳ ಅಂದವಾಗಿ ಕಾಣುತ್ತವೆ. ಅಲ್ಲಿ ಚಹಾ ಕುದಿಸುತ್ತಿದ್ದವರ ನೆನಪಿರುವವರಿಗೆ ಆ ಅಂದ ಪೂರ್ತಿ ಸಿಹಿಯಾಗಿ ಕಾಣುವುದಿಲ್ಲ.

ಎರಡನೆಯದು ವಿರೂಪಾಪುರ ಗಡ್ಡೆ. ಹಂಪಿಯ ಎದುರು ದಡದಲ್ಲಿ ಗದ್ದೆಗಳ ನಡುವಿನ ಈ ಜಾಗದಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಗುಡಿಸಲು, ಕೋಣೆ, ಹೋಟೆಲುಗಳು ಸಾಲಾಗಿ ಎದ್ದಿದ್ದವು. 1988ರ ಸರ್ಕಾರಿ ಅಧಿಸೂಚನೆಯಂತೆ ಇದು ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು ಎಂಬುದು ಸರ್ಕಾರದ ವಾದ. ನಡೆಸುತ್ತಿದ್ದವರು ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಅವರ ಮನವಿಯನ್ನು ತಳ್ಳಿಹಾಕಿತು. ಮಾರ್ಚ್ ಮೊದಲ ವಾರದಲ್ಲಿ ಎಲ್ಲವೂ ನೆಲಸಮವಾಯಿತು. ಅಂದು ಯಾರಾದರೂ ಏಪ್ರಿಲ್ ರಜೆಗೆಂದು ಅಲ್ಲಿ ಮುಂಗಡ ಕೊಟ್ಟಿದ್ದರೆ ಕೇಳುವುದು ಯಾರನ್ನು? ಆ ಬಳಿಕ ವ್ಯಾಪಾರ ಸಾಣಾಪುರ, ಹನುಮನಹಳ್ಳಿಯ ಕಡೆ ಸರಿಯಿತು. ಅನುಮತಿಯಿಲ್ಲದವುಗಳ ಮೇಲೆ ಅಲ್ಲೂ ಆಗಾಗ ಕ್ರಮ ನಡೆದಿದೆ.

ಇಟಲಿಯಲ್ಲಿ ಇದೇ ಸಮಸ್ಯೆ ತಿರುವು ಮುರುವಾಗಿದೆ. ವೆನಿಸಿನ ಹಳೆಯ ನಗರದಲ್ಲಿ 1951ರಲ್ಲಿ ಸುಮಾರು ಒಂದು ಮುಕ್ಕಾಲು ಲಕ್ಷ ಜನರಿದ್ದರು. ಈಗ ಐವತ್ತು ಸಾವಿರಕ್ಕಿಂತ ಕಡಿಮೆ. ಅಲ್ಲಿ ಬುಲ್ಡೋಜರ್ ಬರಲಿಲ್ಲ. ಊರಿನವರಿಗೆ ತಿಂಗಳ ಬಾಡಿಗೆಗೆ ಕೊಡುವುದಕ್ಕಿಂತ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಟ್ಟರೆ ಲಾಭ ಹೆಚ್ಚೆಂದು ಮನೆಗಳು ಒಂದೊಂದಾಗಿ ಕೈಬದಲಾದವು. ಇದನ್ನು ತಡೆಯಲು ಫ್ಲಾರೆನ್ಸ್ ನಗರ 2023ರಲ್ಲಿ ತನ್ನ ಹಳೆಯ ಕೇಂದ್ರದಲ್ಲಿ ಹೊಸ ಅಲ್ಪಾವಧಿ ಬಾಡಿಗೆ ಮನೆಗಳಿಗೆ ತಡೆ ಹಾಕಿತು. ವೆನಿಸ್ 2024ರ ಏಪ್ರಿಲ್ 25ರಿಂದ ಆಯ್ದ ದಿನಗಳಲ್ಲಿ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಐದು ಯೂರೋ ಪ್ರವೇಶ ಶುಲ್ಕ ಪಡೆಯತೊಡಗಿತು. ರಾತ್ರಿ ತಂಗುವವರು ಬೇರೆ ತೆರಿಗೆ ಕೊಡುವುದರಿಂದ ಅವರಿಗೆ ಇದಿಲ್ಲ. 2025ರ ಆರಂಭದಿಂದ ಇಟಲಿಯಲ್ಲಿ ಪ್ರವಾಸಿಗರಿಗೆ ಕೊಡುವ ಪ್ರತಿ ಮನೆಗೂ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದು ಜಾಹೀರಾತಿನಲ್ಲೂ ಇರಬೇಕು, ಬಾಗಿಲ ಹೊರಗೂ ಕಾಣಬೇಕು. ನಮ್ಮ ಓದುಗರಲ್ಲಿ ರೋಮಿಗೆ ಹೊರಟವರಿದ್ದರೆ ಆ ಸಂಖ್ಯೆಯಿಲ್ಲದ ಮನೆಗೆ ಹಣ ಕಟ್ಟಬೇಡಿ. ವೀಸಾ ಅರ್ಜಿಗೆ ತಂಗುವ ಸ್ಥಳದ ದಾಖಲೆ ಬೇಕಾಗುವುದರಿಂದ ಇದು ಮತ್ತೂ ಮುಖ್ಯ. ರೋಮಿನಲ್ಲಿ ಧಾರ್ಮಿಕ ಸಭೆಗಳು ನಡೆಸುವ ಅತಿಥಿಗೃಹಗಳೂ ಹಲವಿವೆ. ಶುಚಿಯಾಗಿರುತ್ತವೆ. ರಾತ್ರಿ ಇಂತಿಷ್ಟು ಹೊತ್ತಿಗೆ ಗೇಟು ಹಾಕುವ ಪದ್ಧತಿ ಕೆಲವು ಕಡೆ ಇದೆ, ಅಷ್ಟೆ.

ಕೇಳಬೇಕಾದ ಪ್ರಶ್ನೆಗಳು

ಹಂಪಿಯಲ್ಲಿ ಮನೆಯ ಮಾಲೀಕರೊಡನೆ ಮಾತನಾಡುವಾಗ ಸಂಕೋಚ ಬೇಡ. ಹೋಂಸ್ಟೇ ಎಂದು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ? ಪ್ರಾಧಿಕಾರದ ಒಪ್ಪಿಗೆ ಇದೆಯೇ? ಪ್ರತಿಯೊಂದನ್ನು ವಾಟ್ಸ್ಯಾಪಿನಲ್ಲಿ ಕಳುಹಿಸಲು ಹೇಳಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ. "ಅದೆಲ್ಲ ಏನೂ ತೊಂದರೆಯಿಲ್ಲ, ನೀವು ಬನ್ನಿ" ಎಂಬ ಉತ್ತರ ಬಂದರೆ ಬೇರೆ ಮನೆ ನೋಡಿ.

ಹೋಂಸ್ಟೇ ಎಂಬ ಹೆಸರಿಗೆ ಅರ್ಥವಿದೆ. ಮನೆಯವರು ಅಲ್ಲೇ ವಾಸವಿದ್ದು ತಮ್ಮ ಮನೆಯ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಕೊಡುವುದೇ ಹೋಂಸ್ಟೇ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಒಂದರಿಂದ ಆರು ಕೋಣೆಗಳವರೆಗೆ ಮಾತ್ರ ಅವಕಾಶ. ಹದಿನೈದು ಕೋಣೆಯ "ಹೋಂಸ್ಟೇ" ಎಂದರೆ ಅದು ಲಾಡ್ಜ್. ಲಾಡ್ಜಿಗೆ ಬೇಕಾದ ಪರವಾನಗಿಯನ್ನೇ ಕೇಳಬೇಕು. ನಲವತ್ತು ಜನರ ತಂಡ ಒಂದೇ ಹೋಂಸ್ಟೇಯಲ್ಲಿ ಹಿಡಿಸುತ್ತದೆ ಎಂದು ಯಾರಾದರೂ ಹೇಳಿದರೆ ಲೆಕ್ಕ ಹಾಕಿ ನೋಡಿ: ಕೋಣೆಗೆಷ್ಟು ಜನ, ಶೌಚಾಲಯ ಎಷ್ಟು, ಬೆಳಿಗ್ಗೆ ಆರಕ್ಕೆ ಹೊರಡಬೇಕಾದರೆ ಮೊದಲನೆಯವರು ಎಷ್ಟು ಗಂಟೆಗೆ ಏಳಬೇಕು! ನಾಲ್ಕು ಶೌಚಾಲಯಕ್ಕೆ ನಲವತ್ತು ಜನ ಎಂದರೆ ವಿಠ್ಠಲ ದೇವಸ್ಥಾನದಲ್ಲಿ ಸೂರ್ಯೋದಯ ನೋಡುವ ಆಸೆ ಬಿಡಬೇಕು.

ಮುಂಗಡವನ್ನು ಮಾಲೀಕರ ಅಥವಾ ಸಂಸ್ಥೆಯ ಹೆಸರಿನ ಖಾತೆಗೇ ಹಾಕಿ, ಮಧ್ಯವರ್ತಿಯ ಸ್ವಂತ ಖಾತೆಗೆ ಬೇಡ. ಪೂರ್ತಿ ಹಣ ಮೊದಲೇ ಕೇಳುವವರನ್ನು ನಂಬಬೇಡಿ. ಪ್ರವಾಸ ರದ್ದಾದರೆ ಎಷ್ಟು ವಾಪಸು ಎಂಬುದು ಬರಹದಲ್ಲಿರಲಿ. ಬೇರೆಯವರ ಮನೆಯ ಫೋಟೋ ತೋರಿಸಿ ಹಣ ಪಡೆಯುವ ಮೋಸ ಎಲ್ಲ ಪ್ರವಾಸಿ ಊರುಗಳಲ್ಲೂ ಇದೆ. ವಿಡಿಯೋ ಕರೆಯಲ್ಲಿ ಮನೆ ತೋರಿಸಲು ಹೇಳಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ತಂಡದ ಹಣ ಎಲ್ಲರ ಹಣ. ಖಜಾಂಚಿಯವರು ರಸೀದಿ ಇಟ್ಟುಕೊಳ್ಳಲೇಬೇಕು.

ತೆರಿಗೆಯ ಬಗ್ಗೆ ಹಲವರು ಗೊಂದಲಪಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿ.ಎಸ್.ಟಿ. ಶೇಕಡಾ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇಕಡಾ 18. ವರ್ಷಕ್ಕೆ 20 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನ ಸಣ್ಣ ಮನೆಯವರು ಜಿ.ಎಸ್.ಟಿ. ನೋಂದಣಿ ಮಾಡಬೇಕಾಗಿಲ್ಲ. ಆದ್ದರಿಂದ ಅವರ ಬಿಲ್ಲಿನಲ್ಲಿ ಜಿ.ಎಸ್.ಟಿ. ಇಲ್ಲದಿದ್ದರೆ ಮೋಸವೆಂದು ತಿಳಿಯಬೇಡಿ. ನೋಂದಣಿಯಿಲ್ಲದೆ ಜಿ.ಎಸ್.ಟಿ. ಎಂದು ಹಣ ಪಡೆದರೆ ಅದು ಮೋಸ. ಆ್ಯಪ್ ಮೂಲಕ ಹಿಡಿದರೆ ಸಣ್ಣ ಮನೆಗೂ ಆ್ಯಪ್‌ನವರೇ ತೆರಿಗೆ ಸೇರಿಸಿ ಸರ್ಕಾರಕ್ಕೆ ಕಟ್ಟುತ್ತಾರೆ.

ಗುರುತಿನ ಚೀಟಿ ಎಲ್ಲರದ್ದೂ ಇರಲಿ. ತಂಡದಲ್ಲಿ ವಿದೇಶಿ ಪಾಸ್‌ಪೋರ್ಟಿನ ನೆಂಟರಿದ್ದರೆ ಮನೆಯವರಿಗೆ ಮೊದಲೇ ತಿಳಿಸಿ. ವಿದೇಶಿ ಅತಿಥಿಗಳು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕಳುಹಿಸುವ ಹೊಣೆ ಮನೆ ಕೊಡುವವರದ್ದು. ಇಟಲಿಯಲ್ಲೂ ಆತಿಥೇಯರು 24 ಗಂಟೆಯೊಳಗೆ ಅತಿಥಿಗಳ ವಿವರವನ್ನು ಪೊಲೀಸರಿಗೆ ಕೊಡಬೇಕು, ಅಲ್ಲಿ ಪಾಸ್‌ಪೋರ್ಟ್ ಕೇಳಿದರೆಂದು ಗಾಬರಿಯಾಗಬೇಡಿ.

ಯುವಜನರ ತಂಡವಿದ್ದರೆ

ಇದನ್ನು ಬರೆಯಲು ಮನಸ್ಸಿಗೆ ಹಿತವಿಲ್ಲ, ಆದರೆ ಬರೆಯದಿದ್ದರೆ ತಪ್ಪಾಗುತ್ತದೆ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಒಬ್ಬ ವಿದೇಶಿ ಯುವತಿ ಮತ್ತು ಅವರ ಜೊತೆಗಿದ್ದ ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟ ಮೂವರು ಯುವಕರಲ್ಲಿ ಒಬ್ಬರು ಬದುಕಿ ಬರಲಿಲ್ಲ. ಅದಕ್ಕೂ ಮೊದಲು ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಇದೇ ಭಾಗದಲ್ಲಿ ಬಂಡೆಯಿಂದ ನದಿಗೆ ಜಿಗಿದು ಕೊಚ್ಚಿಹೋದರು. ತುಂಗಭದ್ರೆ ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತ ಬಲವಾಗಿದೆ. ಸಮುದ್ರದಲ್ಲಿ ಈಜಿ ಬೆಳೆದ ನಮ್ಮ ಹುಡುಗರು "ಇದೇನು ಹೊಳೆ" ಎನ್ನುವ ಜಾತಿ. ಅವರನ್ನೇ ಮೊದಲು ತಡೆಯಬೇಕು.

ಊರಿನ ಹೊರಗೆ, ಗದ್ದೆಯ ನಡುವೆ ಒಂಟಿಯಾಗಿರುವ ಮನೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಅಲ್ಲಿ ಮನೆಯವರು ಇರುತ್ತಾರೆಯೇ, ದಾರಿದೀಪ ಇದೆಯೇ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ ಎಂದು ಕೇಳಿ. ಹದಿನೆಂಟು ತುಂಬದವರಿದ್ದರೆ ತಂದೆತಾಯಿಯರ ಒಪ್ಪಿಗೆ ಪತ್ರ ಬೇಕು, ಹುಡುಗಿಯರ ಜೊತೆ ಜವಾಬ್ದಾರಿಯುತ ಮಹಿಳೆಯರು ಅದೇ ಮನೆಯಲ್ಲಿ ಇರಬೇಕು. ಕತ್ತಲಾದ ಮೇಲೆ ಯಾರೂ ಹೊರಗೆ ಹೋಗುವಂತಿಲ್ಲ ಎಂಬುದನ್ನು ಊರಿನಲ್ಲಿರುವಾಗಲೇ ಹೇಳಿಬಿಡಿ. ಅಲ್ಲಿ ಹೋಗಿ ಹೇಳಿದರೆ ಮುಖ ಸಿಂಡರಿಸುತ್ತಾರೆ.

ಸಣ್ಣ ವಿಷಯಗಳೂ ಇವೆ. ಹಂಪಿಯ ಮಂಗಗಳಿಗೆ ಬಾಡಿಗೆ ಮನೆಗಳ ಕಿಟಕಿಗಳ ಪರಿಚಯ ಅತಿಥಿಗಳಿಗಿಂತ ಚೆನ್ನಾಗಿದೆ. ಬಾಳೆಹಣ್ಣು, ಬ್ರೆಡ್ಡು ಕಣ್ಣಿಗೆ ಬೀಳುವಲ್ಲಿ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಲ್ಲಿನ ನೆಲ ಸಂಜೆಯವರೆಗೂ ಕಾದಿರುತ್ತದೆ. ವಯಸ್ಸಾದವರಿದ್ದರೆ ಶಾಲೆಯ ರಜೆಯನ್ನು ನೋಡದೆ ನವೆಂಬರ್‌ನಿಂದ ಫೆಬ್ರವರಿಯ ನಡುವೆ ಹೋಗುವುದು ಲೇಸು. ಅಡುಗೆಮನೆ ಬಳಸುವುದಾದರೆ ಗ್ಯಾಸ್ ಯಾರದ್ದು, ನೀರು ಎಷ್ಟು ಹೊತ್ತು ಬರುತ್ತದೆ, ಕಸ ಎಲ್ಲಿ ಹಾಕಬೇಕು ಎಂದು ಮೊದಲೇ ಮಾತನಾಡಿಕೊಳ್ಳಿ. ಭಾನುವಾರದ ಬಲಿಪೂಜೆಗೆ ಹೊಸಪೇಟೆಗೆ ಬರಬೇಕಾಗುತ್ತದೆ. ಅದು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದ್ದು. ತಂಡ ದೊಡ್ಡದಿದ್ದರೆ ಅಲ್ಲಿಯ ಧರ್ಮಗುರುಗಳಿಗೆ ಒಂದು ವಾರ ಮೊದಲೇ ಫೋನ್ ಮಾಡಿ ಸಮಯ ಕೇಳಿಕೊಳ್ಳಿ.

ಮಳೆಗಾಲದಲ್ಲಿ ಹೋಗುವವರು ನದಿಯ ಯಾವ ದಡದಲ್ಲಿ ಮನೆ ಹಿಡಿದಿದ್ದೇವೆ ಎಂಬುದನ್ನು ಮರೆಯಬಾರದು. ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹಂಪಿಯ ದೋಣಿಗಳು ನಿಲ್ಲುತ್ತವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾದಾಗ ಯಾರಿಗೂ ಮುನ್ಸೂಚನೆ ಇರಲಿಲ್ಲ. ಕಂಪ್ಲಿಯಿಂದ ಗಂಗಾವತಿಗೆ ಹೋಗುವ ಸೇತುವೆಯ ಮೇಲೂ ನೆರೆ ಬಂದರೆ ಸಂಚಾರ ನಿಲ್ಲಿಸುತ್ತಾರೆ. ಆನೆಗೊಂದಿಯಲ್ಲಿ ಮನೆ ಹಿಡಿದವರು ಬುಕ್ಕಸಾಗರದ ಬಳಿಯ ಸೇತುವೆಯಿಂದ ದಾಟಬಹುದು. ಅದೂ ಆಗದಿದ್ದರೆ ಗಂಗಾವತಿ, ಮುನಿರಾಬಾದ್ ಸುತ್ತಿಕೊಂಡು ಹೊಸಪೇಟೆಗೆ ಬರಬೇಕು. ಹೊರಡುವ ಹಿಂದಿನ ದಿನ ಮನೆಯವರಿಗೆ ಫೋನ್ ಮಾಡಿ ನೀರಿನ ಮಟ್ಟ ಕೇಳಿ, ಬಸ್ಸಿನ ಚಾಲಕರಿಗೂ ದಾರಿ ಹೇಳಿಡಿ.